ಅರ್ಧ ನೇರಳೆ, ಅರ್ಧ ಗುಲಾಬಿ: ಸ್ಲೈಡ್ ಸುಳ್ಳು ಹೇಳಿತಾ?

ಪ್ರಶ್ನೆ: ನಾನು ಮೈಕ್ರೋಬಯಾಲಜಿ ಮೊದಲ ವರ್ಷದ ವಿದ್ಯಾರ್ಥಿನಿ. ಮೊನ್ನೆ ಪ್ರಾಕ್ಟಿಕಲ್‌ನಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ್ದು) ಕೊಟ್ಟು ಗ್ರಾಮ್ ಸ್ಟೇನ್ ಮಾಡಲು ಹೇಳಿದರು. ಅದು ಗ್ರಾಮ್ ಪಾಸಿಟಿವ್, ನೇರಳೆ ಬರಬೇಕಿತ್ತು. ನನ್ನ ಸ್ಲೈಡ್‌ನಲ್ಲಿ ಅರ್ಧ ನೇರಳೆ, ಅರ್ಧ ಗುಲಾಬಿ. ಕೆಲವು ಕಡ್ಡಿಗಳ ಮಧ್ಯೆ ಬಣ್ಣವೇ ಹತ್ತದ ಖಾಲಿ ಜಾಗ ಬೇರೆ. ಎಲ್ಲಿ ತಪ್ಪಿದೆ? ರೆಕಾರ್ಡ್‌ನಲ್ಲಿ ಏನು ಬರೆಯಲಿ? ಇನ್ನೊಂದು ಸಂಕಟ ಇದೆ. ಕೋಶದ ರಚನೆ, ಚಯಾಪಚಯ, ಲ್ಯಾಬ್ ವಿಧಾನಗಳು, ರೋಗಗಳು ಎಲ್ಲ ಬೇರೆ ಬೇರೆ ಪಾಠ. ಒಂದಕ್ಕೊಂದು ಸಂಬಂಧ ಕಾಣುತ್ತಿಲ್ಲ. ಬರೀ ಬಾಯಿಪಾಠ ಆಗುತ್ತಿದೆ.

ಉತ್ತರ: "ಖಾಲಿ ಜಾಗ ಬೇರೆ" ಅಂತ ನೀವು ಕೊನೆಗೆ ಸೇರಿಸಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಅದನ್ನು ಗಮನಿಸಿ ಬರೆದಿದ್ದಕ್ಕೇ ನಿಮಗೆ ಮಾರ್ಕು ಕೊಡಬೇಕು. ಬಹಳ ಜನ ಬಣ್ಣ ನೋಡಿ ಟಿಕ್ ಹಾಕಿ ಎದ್ದು ಹೋಗುತ್ತಾರೆ. ಆ ಖಾಲಿ ಜಾಗಕ್ಕೆ ಆಮೇಲೆ ಬರುತ್ತೇನೆ. ಮೊದಲು ಗ್ರಾಮ್ ಸ್ಟೇನ್ ನಿಜವಾಗಿ ಏನು ಕೇಳುತ್ತದೆ ಅಂತ ನೋಡೋಣ.

ಗ್ರಾಮ್ ಸ್ಟೇನ್ ಅಂದರೆ ಬಣ್ಣ ಹಚ್ಚುವ ಪರೀಕ್ಷೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಬಣ್ಣ ಬಿಡಿಸುವ ಪರೀಕ್ಷೆ. ಕ್ರಿಸ್ಟಲ್ ವಯೊಲೆಟ್ ಹಾಕಿ ಒಂದು ನಿಮಿಷ ಬಿಡುತ್ತೀರಿ. ಆಗ ಸ್ಲೈಡ್ ಮೇಲಿರುವ ಎಲ್ಲವೂ ನೇರಳೆ. ಪಾಸಿಟಿವ್ ಆಗಲಿ ನೆಗೆಟಿವ್ ಆಗಲಿ, ಭೇದವೇ ಇಲ್ಲ. ಆಮೇಲೆ ಅಯೋಡಿನ್, ಇನ್ನೊಂದು ನಿಮಿಷ. ಅಯೋಡಿನ್ ಒಳಗೆ ಹೋಗಿ ಕ್ರಿಸ್ಟಲ್ ವಯೊಲೆಟ್ ಜೊತೆ ಸೇರಿ ದಪ್ಪ ಗಂಟು ಕಟ್ಟುತ್ತದೆ. ಈಗಲೂ ಎಲ್ಲವೂ ನೇರಳೆಯೇ. ಮೂರನೆಯ ಹೆಜ್ಜೆ ಆಲ್ಕೋಹಾಲ್. ಕೆಲವೇ ಸೆಕೆಂಡುಗಳ ಕೆಲಸ. ಇಲ್ಲಿ ಎರಡು ಗುಂಪು ಬೇರೆಯಾಗುತ್ತವೆ. ಕೆಲವು ಬಣ್ಣ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಕೊನೆಗೆ ಹಾಕುವ ಸಾಫ್ರನಿನ್, ಬಣ್ಣ ಕಳೆದುಕೊಂಡವು ನಮ್ಮ ಕಣ್ಣಿಗೆ ಕಾಣಲಿ ಅಂತ, ಅಷ್ಟೇ. ಪಾಸಿಟಿವ್ ಕೋಶಕ್ಕೂ ಸಾಫ್ರನಿನ್ ಹತ್ತುತ್ತದೆ, ಆದರೆ ಕಡುನೇರಳೆಯ ಮೇಲೆ ತಿಳಿಗುಲಾಬಿ ಕಾಣುವುದಾದರೂ ಹೇಗೆ?

ಈ ವಿಧಾನ ಹುಟ್ಟಿದ ಕಥೆಯೂ ಚೆನ್ನಾಗಿದೆ. 1884ರಲ್ಲಿ ಡೆನ್ಮಾರ್ಕಿನ ಯುವ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್‌ನಲ್ಲಿ ಕಾರ್ಲ್ ಫ್ರೀಡ್‌ಲೆಂಡರ್ ಜೊತೆ ಕೆಲಸ ಮಾಡುತ್ತಿದ್ದರು. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತೆಳು ಹೋಳುಗಳಲ್ಲಿ ಬ್ಯಾಕ್ಟೀರಿಯಾ ಮಾತ್ರ ಎದ್ದು ಕಾಣಬೇಕು, ಸುತ್ತಲಿನ ಅಂಗಾಂಶ ಬಣ್ಣ ಬಿಡಬೇಕು. ಅವರಿಗೆ ಬೇಕಿದ್ದುದು ಅಷ್ಟೇ. ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡಬೇಕು ಅನ್ನುವ ಯೋಚನೆಯೇ ಇರಲಿಲ್ಲ. ಟೈಫಾಯಿಡ್ ಬ್ಯಾಕ್ಟೀರಿಯಾದಂಥ ಕೆಲವು ಬಣ್ಣ ಉಳಿಸಿಕೊಳ್ಳಲೇ ಇಲ್ಲ. ಗ್ರಾಮ್ ಕಣ್ಣಿಗೆ ಅದು ವಿಧಾನದ ಕೊರತೆ. ತಮ್ಮ ಲೇಖನದಲ್ಲೇ, ಇದು ಇನ್ನೂ ದೋಷವಿರುವ, ಅಪೂರ್ಣವಾದ ವಿಧಾನ ಅಂತ ಒಪ್ಪಿಕೊಂಡರು. ಗುಲಾಬಿ ಬಣ್ಣ ಸೇರಿಸಿದ್ದೂ ಅವರಲ್ಲ, ಆಮೇಲೆ ಬಂದವರು. ಅವರು ಕೊರತೆ ಅಂದುಕೊಂಡದ್ದನ್ನೇ ಇವತ್ತಿಗೂ ಪ್ರತಿ ಆಸ್ಪತ್ರೆಯ ಲ್ಯಾಬ್ ದಿನವೂ ಬಳಸುತ್ತಿದೆ!

ಹಾಗಾದರೆ ಬಣ್ಣ ಬಿಡುವವು ಯಾಕೆ ಬಿಡುತ್ತವೆ? ಉತ್ತರ ಗೋಡೆಯಲ್ಲಿದೆ. ಪುಸ್ತಕದಲ್ಲಿ ಕೋಶಭಿತ್ತಿ ಅಂತ ಓದಿರುತ್ತೀರಿ. ನಾನು ಸುಮ್ನೆ ಗೋಡೆ ಅಂತಲೇ ಕರೆಯುತ್ತೇನೆ.

ಗೋಡೆಯ ಮುಖ್ಯ ಸಾಮಾನು ಪೆಪ್ಟಿಡೋಗ್ಲೈಕಾನ್. ಹೆಸರು ಉದ್ದ, ವಿಷಯ ಸರಳ. ಸಕ್ಕರೆ ಅಣುಗಳ ಉದ್ದನೆ ಎಳೆಗಳು. ಆ ಎಳೆಗಳನ್ನು ಅಡ್ಡಡ್ಡ ಕಟ್ಟುವ ಅಮೈನೋ ಆಮ್ಲಗಳ ಚಿಕ್ಕ ಕೊಂಡಿಗಳು. ಕೋಶದ ಸುತ್ತ ಹೆಣೆದ ಬಲೆಯ ಚೀಲ ಅಂದುಕೊಳ್ಳಿ. ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾದಲ್ಲಿ ಈ ಬಲೆ ಪದರದ ಮೇಲೆ ಪದರ, ಒಟ್ಟು 20ರಿಂದ 80 ನ್ಯಾನೋಮೀಟರ್ ದಪ್ಪ. ನೆಗೆಟಿವ್‌ನಲ್ಲಿ ಕೆಲವೇ ನ್ಯಾನೋಮೀಟರ್. ಆದರೆ ನೆಗೆಟಿವ್‌ಗೆ ಅದರ ಹೊರಗೆ ಇನ್ನೊಂದು ಪೊರೆ ಇದೆ, ಕೊಬ್ಬಿನಿಂದ ಆದದ್ದು.

ಈಗ ಆಲ್ಕೋಹಾಲ್ ಬಿತ್ತು ಅನ್ನಿ. ಪಾಸಿಟಿವ್‌ನ ದಪ್ಪ ಬಲೆಯಿಂದ ಅದು ನೀರನ್ನು ಎಳೆದು ಹಾಕುತ್ತದೆ. ಬಲೆ ಬಿಗಿಯಾಗುತ್ತದೆ, ಕಣ್ಣುಗಳು ಮುಚ್ಚುತ್ತವೆ. ಅಯೋಡಿನ್ ಜೊತೆ ಗಂಟುಕಟ್ಟಿದ ನೇರಳೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ನೆಗೆಟಿವ್‌ನಲ್ಲಿ ಅದೇ ಆಲ್ಕೋಹಾಲ್ ಹೊರಗಿನ ಕೊಬ್ಬಿನ ಪೊರೆಯನ್ನು ಕರಗಿಸುತ್ತದೆ. ಒಳಗಿನ ತೆಳು ಬಲೆಗೆ ಗಂಟನ್ನು ಹಿಡಿದಿಡುವ ತಾಕತ್ತಿಲ್ಲ. ಬಣ್ಣ ಹರಿದು ಹೋಗುತ್ತದೆ.

ಅಂದರೆ ನೇರಳೆ ಎಂಬುದು ಒಂದು ಜಾತಿಯ ಹೆಸರಲ್ಲ. "ಈ ಕೋಶದ ಗೋಡೆ ಈ ಹೊತ್ತಿಗೆ ದಪ್ಪವಾಗಿದೆ, ಎಲ್ಲೂ ಹರಿದಿಲ್ಲ" ಎಂಬ ವರದಿ, ಅಷ್ಟೇ. "ಈ ಹೊತ್ತಿಗೆ" ಅನ್ನುವ ಮಾತು ನೆನಪಿಟ್ಟುಕೊಳ್ಳಿ.

ನಿಮ್ಮ ಸ್ಲೈಡಿಗೆ ವಾಪಸ್ ಬರೋಣ. ಅನುಮಾನ ಪಡಬೇಕಾದ್ದು ಯಾವುದನ್ನು?

ಮೊದಲನೆಯದು ಆಲ್ಕೋಹಾಲ್. 5ರಿಂದ 15 ಸೆಕೆಂಡು ಅಂತ ಹೇಳುತ್ತಾರೆ, ಆದರೆ ಗಡಿಯಾರಕ್ಕಿಂತ ಕಣ್ಣೇ ಮೇಲು. ಸ್ಲೈಡನ್ನು ಓರೆ ಹಿಡಿದು ಹನಿ ಹನಿಯಾಗಿ ಬಿಡಿ. ಕೆಳಗೆ ಇಳಿಯುವ ಹನಿಯಲ್ಲಿ ನೇರಳೆ ಕಾಣುವುದು ನಿಂತ ಕ್ಷಣವೇ ನೀರು ಹಾಕಿ. ನಾನು ಮೊದಲ ವರ್ಷದಲ್ಲಿ ಈ ಹೆಜ್ಜೆಯಲ್ಲಿ ಪಕ್ಕದವರ ಜೊತೆ ಮಾತಾಡುತ್ತಾ ನಿಂತುಬಿಟ್ಟಿದ್ದೆ. ನೇರಳೆ ಬರಬೇಕಾದ ಸ್ಟ್ಯಾಫಿಲೊಕಾಕಸ್ ಪೂರ್ತಿ ಗುಲಾಬಿ! ಗೊಂಚಲು ಗೊಂಚಲಾಗಿ ಚೆಂದ ಕಾಣುತ್ತಿತ್ತು. ನಾನೂ ಧೈರ್ಯವಾಗಿ ಗ್ರಾಮ್ ನೆಗೆಟಿವ್ ಅಂತ ಬರೆದೆ. ವೈವಾದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಆಲ್ಕೋಹಾಲ್ ಎಷ್ಟು ಹೊತ್ತು?" ಉತ್ತರ ಇರಲಿಲ್ಲ. ಆಲ್ಕೋಹಾಲ್ ಜಾಸ್ತಿ ಹೊತ್ತು ನಿಂತರೆ ಎಂಥ ದಪ್ಪ ಗೋಡೆಯೂ ಕೊನೆಗೆ ಬಣ್ಣ ಬಿಡುತ್ತದೆ.

ಎರಡನೆಯದು ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಹರಡಿದ ಬ್ಯಾಕ್ಟೀರಿಯಾದ ಪದರ. ದಪ್ಪ ಸ್ಮಿಯರ್ ಇದರ ತಿರುಗುಮುರುಗು ತಪ್ಪು ಮಾಡಿಸುತ್ತದೆ. ಆಲ್ಕೋಹಾಲ್ ಒಳಪದರಕ್ಕೆ ಇಳಿಯುವುದೇ ಇಲ್ಲ, ನೆಗೆಟಿವ್ ಕೂಡ ನೇರಳೆಯಾಗಿ ಉಳಿಯುತ್ತದೆ. ಒಣಗಿದ ಸ್ಮಿಯರ್ ಇದೆಯೋ ಇಲ್ಲವೋ ಎಂಬಷ್ಟು ಮಸುಕಾಗಿ ಕಾಣಬೇಕು. ಹೊಸಬರು ಯಾವಾಗಲೂ ಜಾಸ್ತಿ ತೆಗೆದುಕೊಳ್ಳುತ್ತಾರೆ. ಒಂದು ಕಾಲನಿಯನ್ನು (ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಗುಡ್ಡೆ) ಲೂಪಿನ, ಅಂದರೆ ಬ್ಯಾಕ್ಟೀರಿಯಾ ಎತ್ತುವ ತಂತಿಯ, ತುದಿಯಿಂದ ಮುಟ್ಟಿದರೆ ಸಾಕು, ಅಗೆಯಬೇಕಾಗಿಲ್ಲ. ಬರ್ನರ್ ಮೇಲೆ ಹಿಡಿದು ಸುಡುವುದೂ ಒಂದು ಚಾಳಿ. ಸ್ಲೈಡ್ ಕೈಗೆ ಬೆಚ್ಚಗೆ ತಾಗಬೇಕು, ಸುಡಬಾರದು. ಸುಟ್ಟರೆ ಗೋಡೆ ಹರಿಯುತ್ತದೆ, ಹರಿದ ಗೋಡೆ ಬಣ್ಣ ಬಿಡುತ್ತದೆ.

ಮೂರನೆಯದು ಕಲಬೆರಕೆ. ಬೇರೊಂದು ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದೇ? ನೇರಳೆ ಕಡ್ಡಿಯೂ ಗುಲಾಬಿ ಕಡ್ಡಿಯೂ ಒಂದೇ ಉದ್ದ, ಒಂದೇ ದಪ್ಪ ಇದ್ದರೆ ಆ ಅನುಮಾನ ದುರ್ಬಲ. ಒಂದೇ ಸರಪಳಿಯಲ್ಲಿ ಒಂದು ಕೋಶ ನೇರಳೆ, ಅದಕ್ಕೆ ಅಂಟಿದ ಪಕ್ಕದ ಕೋಶ ಗುಲಾಬಿ ಇದ್ದರೆ ಅನುಮಾನವನ್ನು ಬಿಟ್ಟೇಬಿಡಬಹುದು. ಒಂದು ತಾಯಿಕೋಶದಿಂದ ಬಂದ ಅಕ್ಕತಂಗಿಯರು ಅವು. ಮತ್ತೆ ಸ್ಲೈಡ್ ನೋಡುವಾಗ ಇದನ್ನೇ ಹುಡುಕಿ.

ಈಗ ಆ ಖಾಲಿ ಜಾಗ. ಅದು ಖಾಲಿ ಅಲ್ಲ. ಅಲ್ಲಿರುವುದು ಎಂಡೋಸ್ಪೋರ್, ಕಷ್ಟಕಾಲಕ್ಕೆ ಅಂತ ಬ್ಯಾಕ್ಟೀರಿಯಾ ತನ್ನೊಳಗೇ ಕಟ್ಟಿಕೊಳ್ಳುವ ಗಟ್ಟಿ ಬೀಜದಂಥದ್ದು. ಚಿಕ್ಕದಾಗಿ ಸ್ಪೋರ್. ಅದರ ಹೊದಿಕೆ ಎಷ್ಟು ಗಟ್ಟಿ ಅಂದರೆ ಕ್ರಿಸ್ಟಲ್ ವಯೊಲೆಟ್ಟೂ ಒಳಗೆ ಹೋಗದು, ಸಾಫ್ರನಿನ್ನೂ ಹೋಗದು. ಸುತ್ತಲಿನ ಕೋಶಕ್ಕೆ ಬಣ್ಣ ಹತ್ತಿ ಮಧ್ಯೆ ಮೊಟ್ಟೆಯಾಕಾರದ ಬಿಳಿ ಕಿಟಕಿ ಉಳಿಯುತ್ತದೆ. ಅದಕ್ಕೆ ಬಣ್ಣ ಹಿಡಿಸಬೇಕಾದರೆ ಮಲಕೈಟ್ ಗ್ರೀನ್ ಹಾಕಿ ಹಬೆ ಬರುವಷ್ಟು ಕಾಯಿಸಬೇಕು. ಆಗ ಸ್ಪೋರ್ ಹಸಿರು, ಉಳಿದದ್ದು ಗುಲಾಬಿ.

ಬ್ಯಾಸಿಲಸ್ ಯಾವಾಗ ಸ್ಪೋರ್ ಮಾಡುತ್ತದೆ? ಊಟ ಮುಗಿದಾಗ. ಪ್ಲೇಟಿನಲ್ಲಿ ಆಹಾರ ಇರುವ ತನಕ ಅದಕ್ಕೆ ಸ್ಪೋರಿನ ಯೋಚನೆ ಇಲ್ಲ. ಮುಗಿಯುತ್ತಾ ಬಂದ ಹಾಗೆ ತನ್ನ ಡಿಎನ್‌ಎಯ ಒಂದು ಪ್ರತಿಯನ್ನು ಒಳಗೇ ಪೆಟ್ಟಿಗೆ ಕಟ್ಟಿಡುತ್ತದೆ. ಅಂದರೆ ನಿಮಗೆ ಕೊಟ್ಟ ಕಲ್ಚರ್ ಹಳೆಯದು. ಗ್ರಾಮ್ ಸ್ಟೇನ್‌ಗೆ 18ರಿಂದ 24 ಗಂಟೆಯ ಕಲ್ಚರ್ ಬೇಕು ಎಂಬ ನಿಯಮ ಇರುವುದು ಇದಕ್ಕೇ. ಹಳೆಯ ಬ್ಯಾಸಿಲಸ್ ಕೋಶಗಳಲ್ಲಿ ಗೋಡೆ ತೆಳುವಾಗುತ್ತದೆ, ಸ್ವಂತ ಕಿಣ್ವಗಳೇ ಅದನ್ನು ಕತ್ತರಿಸತೊಡಗುತ್ತವೆ. ಒಂದಷ್ಟು ಕೋಶ ಇನ್ನೂ ಗಟ್ಟಿ, ಅವು ನೇರಳೆ. ಇನ್ನೊಂದಷ್ಟು ಶಿಥಿಲ, ಅವು ಗುಲಾಬಿ. ಹಾಗಾಗಿ ನಿಮ್ಮ ಸ್ಲೈಡ್ ಸುಳ್ಳು ಹೇಳಿಲ್ಲ. ವಯಸ್ಸಾದ ಕಲ್ಚರಿನ ನಿಜಸ್ಥಿತಿ ತೋರಿಸಿದೆ. ನಿಮ್ಮ ಕೈಯ ತಪ್ಪೂ ಸ್ವಲ್ಪ ಇರಬಹುದು, ಅದನ್ನು ಕಂಡುಹಿಡಿಯುವ ದಾರಿ ಕೊನೆಗೆ ಹೇಳುತ್ತೇನೆ.

ಎರಡನೆಯ ಪ್ರಶ್ನೆ, ಪಾಠಗಳ ಸಂಬಂಧ. ಇದಕ್ಕೂ ಆ ಬಿಳಿ ಕಿಟಕಿಯಿಂದಲೇ ಶುರು ಮಾಡೋಣ.

ಲ್ಯಾಬಿನಲ್ಲಿ ಆಟೋಕ್ಲೇವ್ (ಪ್ರೆಶರ್ ಕುಕ್ಕರಿನಂಥ ಯಂತ್ರ) ಯಾಕಿದೆ? ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಅಷ್ಟಕ್ಕೇ ಸಾಯುತ್ತದೆ. ಆದರೆ ಕುದಿಯುವ ನೀರನ್ನು ಎಷ್ಟೋ ಸ್ಪೋರ್‌ಗಳು ತಡೆದುಕೊಳ್ಳುತ್ತವೆ. ಅದಕ್ಕೇ ಹಬೆಯನ್ನು ಒತ್ತಡದಲ್ಲಿಟ್ಟು 121 ಡಿಗ್ರಿಗೆ ಏರಿಸಿ 15 ನಿಮಿಷ ಹಿಡಿಯುತ್ತೇವೆ. "121, 15 ಪೌಂಡ್, 15 ನಿಮಿಷ" ಅಂತ ಮಂತ್ರದ ಹಾಗೆ ಕಲಿತಿರುತ್ತೀರಿ, ಅಲ್ವಾ? ಆ ಅಂಕಿಗಳ ಹಿಂದೆ ಇರುವುದು ನಿಮ್ಮ ಸ್ಲೈಡ್‌ನಲ್ಲಿ ಕಂಡ ಆ ಬಿಳಿ ಚುಕ್ಕೆ. ಒಂದು ಎಚ್ಚರಿಕೆ: ಒಳಗಿನ ಗಾಳಿ ಪೂರ್ತಿ ಹೋಗುವ ಮೊದಲೇ ವಾಲ್ವ್ ಮುಚ್ಚಿದರೆ ಗೇಜಿನಲ್ಲಿ 15 ಪೌಂಡ್ ಬಂದಿದ್ದರೂ ಬಿಸಿ 121 ಮುಟ್ಟಿರುವುದಿಲ್ಲ. ಕೊಲ್ಲುವುದು ಬಿಸಿ. ಒತ್ತಡ ಬರೀ ಆ ಬಿಸಿಗೆ ಏರಲು ಏಣಿ.

ಸ್ಪೋರ್ ಮಾಡುವ ಇನ್ನೊಂದು ಕುಲ ಕ್ಲಾಸ್ಟ್ರಿಡಿಯಮ್. ಅದರಲ್ಲಿ ಧನುರ್ವಾಯು ತರುವ ಕ್ಲಾಸ್ಟ್ರಿಡಿಯಮ್ ಟೆಟನಿಯನ್ನು ನೋಡಿದರೆ ಮರೆಯುವುದಿಲ್ಲ. ಸ್ಪೋರ್ ಕೋಶದ ಒಂದು ತುದಿಯಲ್ಲಿ ಉಬ್ಬಿ ನಿಂತು ಇಡೀ ಕೋಶ ತಮಟೆ ಬಡಿಯುವ ಕೋಲಿನ ಹಾಗೆ ಕಾಣುತ್ತದೆ. ಈ ಸ್ಪೋರ್ ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಆದರೆ ಮಣ್ಣು ತಾಗಿದ ತರಚು ಗಾಯಕ್ಕಿಂತ ಆಳವಾಗಿ ಚುಚ್ಚಿದ ಗಾಯ ಜಾಸ್ತಿ ಅಪಾಯ ಅನ್ನುತ್ತಾರೆ. ಯಾಕೆ? ಇಲ್ಲಿಂದ ಚಯಾಪಚಯ ಶುರು.

ಬ್ಯಾಕ್ಟೀರಿಯಾಗೆ ಮೈಟೋಕಾಂಡ್ರಿಯಾ ಇಲ್ಲ. ಉಸಿರಾಟದ ಯಂತ್ರವೆಲ್ಲ ಅದರ ಕೋಶಪೊರೆಯಲ್ಲೇ ಹುದುಗಿದೆ. ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾ ಒಂದು ಗ್ಲೂಕೋಸಿನಿಂದ ಪುಸ್ತಕದ ಲೆಕ್ಕದಲ್ಲಿ 38 ಎಟಿಪಿವರೆಗೆ (ಎಟಿಪಿ ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಅಣು) ತೆಗೆಯುತ್ತದೆ. ನಿಜಕ್ಕೂ ಸಿಗುವುದು ಅದಕ್ಕಿಂತ ಕಡಿಮೆ. ಆಮ್ಲಜನಕ ಬಳಸದ ಹುದುಗುವಿಕೆಯಲ್ಲಿ ಸಾಮಾನ್ಯವಾಗಿ ಸಿಗುವುದು ಬರೀ 2. ಇಷ್ಟು ವ್ಯತ್ಯಾಸ ಇದ್ದರೆ ಎಲ್ಲವೂ ಆಮ್ಲಜನಕವನ್ನೇ ಬಳಸಬೇಕಿತ್ತಲ್ಲ? ಆದರೆ ಆಮ್ಲಜನಕ ಪುಕ್ಕಟೆ ಸಿಗುವ ವಸ್ತುವಲ್ಲ. ಅದು ಕೋಶದೊಳಗೆ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷ ಹುಟ್ಟಿಸುತ್ತದೆ. ಅವನ್ನು ಒಡೆಯುವ ಕಿಣ್ವ ಇದ್ದವರಿಗೆ ಮಾತ್ರ ಆಮ್ಲಜನಕ ಲಾಭ. ಕ್ಲಾಸ್ಟ್ರಿಡಿಯಮ್ ಟೆಟನಿಗೆ ಆ ರಕ್ಷಣೆ ಸಾಲದು. ಗಾಳಿ ಆಡುವ ಗಾಯದಲ್ಲಿ ಅದು ಬೆಳೆಯದು. ಆಳದ, ರಕ್ತ ಓಡಾಡದ, ಸತ್ತ ಮಾಂಸದ ಮೂಲೆ ಸಿಕ್ಕರೆ ಸ್ಪೋರ್ ಮೊಳೆಯುತ್ತದೆ. ಆಮೇಲೂ ಅದು ಊರು ಸುತ್ತುವುದಿಲ್ಲ, ಗಾಯದಲ್ಲೇ ಕೂತು ವಿಷ ಬಿಡುತ್ತದೆ. ಆ ವಿಷ ನರದ ಗುಂಟ ಏರಿ ಬೆನ್ನುಹುರಿ ತಲುಪಿ, ಸ್ನಾಯುಗಳಿಗೆ "ಸಾಕು, ಸಡಿಲವಾಗು" ಅಂತ ಹೇಳುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸೆಟೆದುಕೊಂಡೇ ಉಳಿಯುತ್ತದೆ. ಮೈ ಬಿಲ್ಲಿನ ಹಾಗೆ ಬಾಗುವುದರಿಂದಲೇ ನಮ್ಮ ಭಾಷೆಯಲ್ಲಿ ಅದಕ್ಕೆ ಧನುರ್ವಾಯು ಎಂಬ ಹೆಸರು. ಅದರ ದಾಯಾದಿ ಬೊಟುಲಿನಮ್ ತದ್ವಿರುದ್ಧ. ಸ್ನಾಯುವಿಗೆ ಹೋಗುವ "ಬಿಗಿಯಾಗು" ಎಂಬ ಸಂದೇಶವನ್ನೇ ನಿಲ್ಲಿಸುತ್ತದೆ, ಮೈ ಜೋತುಬೀಳುತ್ತದೆ.

ಪೆರಾಕ್ಸೈಡ್ ಒಡೆಯುವ ಕಿಣ್ವ ಅಂದೆನಲ್ಲ, ಅದರ ಹೆಸರು ಕ್ಯಾಟಲೇಸ್. ಲ್ಯಾಬಿನಲ್ಲಿ ನೀವು ಮಾಡುವ ಅದೇ ಕ್ಯಾಟಲೇಸ್ ಟೆಸ್ಟ್. ಸ್ಲೈಡ್ ಮೇಲೆ ಸ್ವಲ್ಪ ಕಾಲನಿ, ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ. ಭರ್ರೆಂದು ಗುಳ್ಳೆ ಬಂದರೆ ಪಾಸಿಟಿವ್. ಗ್ರಾಮ್ ಪಾಸಿಟಿವ್ ದುಂಡು ಬ್ಯಾಕ್ಟೀರಿಯಾ ಕಂಡಾಗ ಮೊದಲು ಮಾಡುವ ಟೆಸ್ಟ್ ಇದೇ. ಸ್ಟ್ಯಾಫಿಲೊಕಾಕಸ್‌ಗೆ ಗುಳ್ಳೆ ಬರುತ್ತದೆ, ಸ್ಟ್ರೆಪ್ಟೊಕಾಕಸ್‌ಗೆ ಬರುವುದಿಲ್ಲ. ಎರಡು ವಿಷಯ ನೋಡಿಕೊಳ್ಳಿ. ಬ್ಲಡ್ ಅಗಾರ್‌ನಿಂದ (ಬ್ಯಾಕ್ಟೀರಿಯಾ ಬೆಳೆಸುವ, ರಕ್ತ ಬೆರೆಸಿದ ಜೆಲ್ಲಿ) ಕಾಲನಿ ತೆಗೆಯುವಾಗ ಅಗಾರ್ ಬರಬಾರದು, ಕೆಂಪು ರಕ್ತಕಣದಲ್ಲೂ ಕ್ಯಾಟಲೇಸ್ ಇದೆ. ಕಬ್ಬಿಣ ಇರುವ ಲೂಪೂ ಸುಳ್ಳು ಗುಳ್ಳೆ ಎಬ್ಬಿಸಬಲ್ಲದು, ಅದರ ಬದಲು ಮರದ ಕಡ್ಡಿ ಬಳಸಿ.

ಚಯಾಪಚಯ ಓದಲು ನನಗೆ ಇಷ್ಟವಾದ ಪುಸ್ತಕ ಮೆಕಾಂಕಿ ಅಗಾರ್ ಪ್ಲೇಟ್! ಒಂದೇ ಪ್ಲೇಟಿನಲ್ಲಿ ಎರಡು ಪಾಠ ಇವೆ. ಅದರಲ್ಲಿ ಪಿತ್ತಲವಣವೂ ಕ್ರಿಸ್ಟಲ್ ವಯೊಲೆಟ್ಟೂ ಇರುತ್ತವೆ. ಹೊರಪೊರೆ ಇಲ್ಲದ ಗ್ರಾಮ್ ಪಾಸಿಟಿವ್‌ಗಳು ಅವುಗಳಿಂದ ನರಳಿ ಬೆಳೆಯುವುದಿಲ್ಲ. ಇದು ಗೋಡೆಯ ಪಾಠ. ಇನ್ನು ಲ್ಯಾಕ್ಟೋಸ್ ಎಂಬ ಸಕ್ಕರೆ ಮತ್ತು ಆಮ್ಲ ಸಿಕ್ಕರೆ ಬಣ್ಣ ತೋರುವ ನ್ಯೂಟ್ರಲ್ ರೆಡ್. ಇ. ಕೊಲೈ ಲ್ಯಾಕ್ಟೋಸನ್ನು ಹುದುಗಿಸಿ ಆಮ್ಲ ಬಿಡುತ್ತದೆ, ಕಾಲನಿ ಗುಲಾಬಿಯಾಗುತ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ ಸಾಮಾನ್ಯವಾಗಿ ಆ ಸಕ್ಕರೆ ಮುಟ್ಟುವುದಿಲ್ಲ, ಕಾಲನಿಗೆ ಬಣ್ಣ ಬರುವುದಿಲ್ಲ. ಇದು ಚಯಾಪಚಯದ ಪಾಠ. ಭೇದಿಯಾದವರ ಮಲದ ಮಾದರಿಯಲ್ಲಿ ಮೊದಲು ಹುಡುಕುವುದು ಆ ಬಣ್ಣವಿಲ್ಲದ ಕಾಲನಿಗಳನ್ನೇ. ಅಲ್ಲಿಂದ ಮುಂದಿನದು ರೋಗದ ಪಾಠ.

ಈಗ ರೋಗಕ್ಕೂ ಗೋಡೆಗೂ ಇರುವ ನೇರ ನಂಟು. ಗ್ರಾಮ್ ನೆಗೆಟಿವ್‌ನ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಇದೆ. ಅದರ ಕೊಬ್ಬಿನ ಭಾಗ ಲಿಪಿಡ್ ಎ. ಇದೇ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಇದನ್ನು ವಿಷ ಅಂತ ಮಾಡಿಲ್ಲ, ಅದು ಅದರ ಗೋಡೆಯ ಸಾಮಾನು. ಆದರೆ ರಕ್ತದಲ್ಲಿ ಅದು ಜಾಸ್ತಿಯಾದರೆ ನಮ್ಮ ದೇಹವೇ ಗಾಬರಿಬಿದ್ದು ಜ್ವರ ಏರಿಸುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಎಂಡೋಟಾಕ್ಸಿನ್ ಬಿಸಿಗೂ ಜಗ್ಗುವುದಿಲ್ಲ. ಆಟೋಕ್ಲೇವ್ ಮಾಡಿದ ದ್ರವದಲ್ಲಿ ಜೀವಂತ ಬ್ಯಾಕ್ಟೀರಿಯಾ ಒಂದೂ ಇಲ್ಲದಿದ್ದರೂ ಎಂಡೋಟಾಕ್ಸಿನ್ ಉಳಿದಿರಬಹುದು. ಹಾಗಾಗಿ ರಕ್ತಕ್ಕೆ ಹಾಕುವ ದ್ರವಗಳಿಗೆ ಅದರದೇ ಪ್ರತ್ಯೇಕ ಪರೀಕ್ಷೆ ಇದೆ.

ಎಕ್ಸೊಟಾಕ್ಸಿನ್ ಬೇರೆ ಕಥೆ. ಅದು ಬ್ಯಾಕ್ಟೀರಿಯಾ ತಯಾರಿಸಿ ಹೊರಗೆ ಬಿಡುವ ಪ್ರೋಟೀನ್. ಕಾಲರಾ ನೋಡಿ. ಕೋಶಗಳನ್ನೆಲ್ಲ ಸೋಸಿ ತೆಗೆದ ಕಲ್ಚರ್ ದ್ರವ ಮಾತ್ರದಿಂದಲೇ ಮೊಲದ ಕರುಳಿನಲ್ಲಿ ನೀರು ತುಂಬಿಕೊಳ್ಳುತ್ತದೆ ಅಂತ ಕಲ್ಕತ್ತೆಯ ಶಂಭುನಾಥ್ ಡೇ 1959ರಲ್ಲಿ ತೋರಿಸಿದರು. ಕಾಲರಾ ತರುವ ವಿಬ್ರಿಯೊ ಗ್ರಾಮ್ ನೆಗೆಟಿವ್ ತಾನೇ, ಅದರ ಎಂಡೋಟಾಕ್ಸಿನ್ನೇ ಕಾರಣ ಎಂಬ ಹಳೆಯ ನಂಬಿಕೆ ಅಲ್ಲಿಂದ ಬಿದ್ದುಹೋಯಿತು. ಆ ಎಕ್ಸೊಟಾಕ್ಸಿನ್ ಕರುಳಿನ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣುವನ್ನು ಏರಿಸುತ್ತದೆ, ಕ್ಲೋರೈಡ್ ಹೊರಬೀಳುತ್ತದೆ, ಅದರ ಹಿಂದೆ ನೀರು. ರೋಗಿಯನ್ನು ಕೊಲ್ಲುವುದು ನೀರಿನ ನಷ್ಟ. ಅದಕ್ಕೇ ಚಿಕಿತ್ಸೆಯಲ್ಲಿ ಮೊದಲು ಬರುವುದು ನೀರು, ಉಪ್ಪು, ಸಕ್ಕರೆ. ಆಂಟಿಬಯಾಟಿಕ್ ಆಮೇಲೆ. ಎಸ್. ಎನ್. ಡೇ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಆಂಟಿಬಯಾಟಿಕ್ ವಿಷಯಕ್ಕೂ ಗೋಡೆಯೇ ಬಾಗಿಲು. ಗೋಡೆಯ ಎಳೆಗಳ ನಡುವೆ ಅಡ್ಡಕೊಂಡಿ ಹಾಕುವ ಕಿಣ್ವವನ್ನು ಪೆನಿಸಿಲಿನ್ ಹಿಡಿದು ನಿಲ್ಲಿಸುತ್ತದೆ. ಬೆಳೆಯುವ ಬ್ಯಾಕ್ಟೀರಿಯಾ ಹಳೆಯ ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿ ಹೊಸದನ್ನು ಜೋಡಿಸುತ್ತಾ ಹೋಗುತ್ತದೆ. ಕತ್ತರಿಸುವುದು ನಡೆದೇ ಇದೆ, ಜೋಡಿಸುವುದು ನಿಂತಿದೆ. ಒಳಗಿನ ಒತ್ತಡಕ್ಕೆ ಕೋಶ ಒಡೆಯುತ್ತದೆ. ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವ ಕೋಶದ ಮೇಲೆ ಪೆನಿಸಿಲಿನ್‌ನ ಆಟ ನಡೆಯುವುದಿಲ್ಲ. ನಮ್ಮ ಕೋಶಗಳಿಗೆ ಈ ಗೋಡೆಯೇ ಇಲ್ಲ, ಹಾಗಾಗಿ ಅಲರ್ಜಿ ಇಲ್ಲದವರಿಗೆ ಅದು ಬಹುಮಟ್ಟಿಗೆ ನಿರಪಾಯ. ನಮ್ಮ ಕಣ್ಣೀರಿನಲ್ಲಿರುವ ಲೈಸೋಜೈಮ್ ಕೂಡ ಇದೇ ಗೋಡೆಯ ಸಕ್ಕರೆ ಎಳೆಯನ್ನು ಕತ್ತರಿಸುವ ಕಿಣ್ವ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಅದನ್ನು ವಿವರಿಸಿದರು, ಪೆನಿಸಿಲಿನ್ ಕಂಡದ್ದು 1928ರಲ್ಲಿ. ಒಬ್ಬರೇ ಮನುಷ್ಯ, ಎರಡು ಸಲವೂ ಅದೇ ಗೋಡೆ!

ವ್ಯಾಂಕೊಮೈಸಿನ್ ಕೂಡ ಗೋಡೆಯನ್ನೇ ಹೊಡೆಯುತ್ತದೆ, ಆದರೆ ಅದು ದೈತ್ಯ ಅಣು. ನೆಗೆಟಿವ್‌ನ ಹೊರಪೊರೆಯಲ್ಲಿರುವ ಕಿರಿದಾದ ತೂತುಗಳಲ್ಲಿ ಅದು ತೂರಲಾರದು. ಹಾಗಾಗಿ ಅದು ಪಾಸಿಟಿವ್‌ಗಳ ಔಷಧಿ. ಮೈಕೋಪ್ಲಾಸ್ಮಾಗೆ ಗೋಡೆಯೇ ಇಲ್ಲ. ಅದು ತರುವ ನ್ಯುಮೋನಿಯಾಗೆ ಪೆನಿಸಿಲಿನ್ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಕ್ಷಯದ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ವಸ್ತು ತುಂಬಿದೆ. ಗ್ರಾಮ್ ಸ್ಟೇನ್ ಅದಕ್ಕೆ ಸರಿಯಾಗಿ ಹತ್ತುವುದೇ ಇಲ್ಲ. ಕಾರ್ಬಾಲ್ ಫುಕ್ಸಿನ್ ಹಾಕಿ ಕಾಯಿಸಬೇಕು. ಒಮ್ಮೆ ಹತ್ತಿತೋ, ಆಮ್ಲ ಬೆರೆತ ಆಲ್ಕೋಹಾಲ್ ಹಾಕಿದರೂ ಬಿಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ತೆಳ್ಳನೆಯ ಕೆಂಪು ಕಡ್ಡಿಗಳು. ನೋಡಿ, ಇಲ್ಲೂ ಪ್ರಶ್ನೆ ಅದೇ: ಯಾರು ಬಣ್ಣ ಬಿಡುತ್ತಾರೆ, ಯಾರು ಬಿಡುವುದಿಲ್ಲ? ಅದೇ ಮೇಣ ಪೋಷಕಾಂಶ ಒಳಗೆ ಬರುವುದನ್ನೂ ನಿಧಾನ ಮಾಡುತ್ತದೆ. ಒಳ್ಳೆಯ ಮಾಧ್ಯಮದಲ್ಲಿ ಇ. ಕೊಲೈ 20 ನಿಮಿಷಕ್ಕೊಮ್ಮೆ ಇಬ್ಭಾಗ ಆಗುತ್ತದೆ, 8 ಗಂಟೆಯಲ್ಲಿ ಒಂದು ಕೋಶ ಲೆಕ್ಕಕ್ಕೆ 1 ಕೋಟಿ 67 ಲಕ್ಷ ದಾಟುತ್ತದೆ. ಕ್ಷಯದ ಬ್ಯಾಕ್ಟೀರಿಯಾಗೆ ಒಂದು ಸಲ ಇಬ್ಭಾಗ ಆಗಲು 15ರಿಂದ 20 ಗಂಟೆ ಬೇಕು. ಘನ ಮಾಧ್ಯಮದಲ್ಲಿ ಕಾಲನಿ ಕಾಣಲು ವಾರಗಟ್ಟಲೆ ಕಾಯಬೇಕು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವುದಕ್ಕೆ ಈ ನಿಧಾನವೂ ಒಂದು ಕಾರಣ.

ಸಾಕು, ಮತ್ತೆ ನಿಮ್ಮ ಟೇಬಲ್ಲಿಗೆ ಹೋಗೋಣ.

ಅದೇ ಕಲ್ಚರನ್ನು ಹೊಸ ಪ್ಲೇಟಿಗೆ ಸ್ಟ್ರೀಕ್ ಮಾಡಿ. ಪ್ರತಿ ಸಲ ಗೆರೆ ತಿರುಗಿಸುವಾಗ ಲೂಪನ್ನು ಕೆಂಪಗೆ ಕಾಯಿಸಿ, ತಣ್ಣಗಾಗಲು ಬಿಡಿ. ಬಿಸಿ ಲೂಪ್ ಅಗಾರ್‌ಗೆ ತಾಗಿ "ಚುಂಯ್" ಅಂದರೆ ಕೋಶಗಳು ಸತ್ತಿವೆ ಅಂತ ಅರ್ಥ. ಮಾರನೇ ದಿನ ಎಲ್ಲ ಕಾಲನಿ ಒಂದೇ ಥರ ಇದ್ದರೆ ಕಲಬೆರಕೆಯ ಮಾತು ಮುಗಿಯಿತು. ಈಗ ಒಂದೇ ಸ್ಲೈಡ್ ಮೇಲೆ ಮೂರು ಸ್ಮಿಯರ್ ಹಾಕಿ: ಒಂದು ಬದಿ ಪಾಸಿಟಿವ್ ಆದ ಸ್ಟ್ಯಾಫಿಲೊಕಾಕಸ್, ಇನ್ನೊಂದು ಬದಿ ನೆಗೆಟಿವ್ ಆದ ಇ. ಕೊಲೈ, ನಡುವೆ ನಿಮ್ಮ ಹೊಸ ಬ್ಯಾಸಿಲಸ್. ಮೂರಕ್ಕೂ ಒಂದೇ ಆಲ್ಕೋಹಾಲ್, ಒಂದೇ ಹೊತ್ತು. ಸ್ಟ್ಯಾಫಿಲೊಕಾಕಸ್ ಗುಲಾಬಿಯಾದರೆ ನಿಮ್ಮ ಕೈ ಜಾಸ್ತಿ ಬಿಡಿಸಿದೆ. ಇ. ಕೊಲೈ ನೇರಳೆಯಾಗಿ ಉಳಿದರೆ ಕಡಿಮೆ ಬಿಡಿಸಿದೆ. ಆ ಎರಡೂ ಸರಿ ಇದ್ದಾಗ ಮಾತ್ರ ನಡುವಿನದನ್ನು ನಂಬಿ. ನೋಡುವಾಗ 100x ಲೆನ್ಸಿಗೆ ಎಣ್ಣೆ ಹಾಕಲು ಮರೆಯಬೇಡಿ, ಎಣ್ಣೆ ಇಲ್ಲದೆ ಆ ಬಿಳಿ ಕಿಟಕಿ ಸರಿಯಾಗಿ ಕಾಣದು.

ಬಣ್ಣವೇ ಇಲ್ಲದ ಒಂದು ಅಡ್ಡಪರೀಕ್ಷೆಯೂ ಇದೆ. ಸ್ಲೈಡ್ ಮೇಲೆ 3% ಪೊಟ್ಯಾಶಿಯಮ್ ಹೈಡ್ರಾಕ್ಸೈಡ್ ಒಂದು ಹನಿ. ಅದಕ್ಕೆ ಕಾಲನಿ ಬೆರೆಸಿ ಅರ್ಧ ನಿಮಿಷದಿಂದ ಒಂದು ನಿಮಿಷ ತಿರುಗಿಸಿ, ಲೂಪನ್ನು ಮೆಲ್ಲಗೆ ಮೇಲಕ್ಕೆತ್ತಿ. ನೆಗೆಟಿವ್ ಆದರೆ ಕೋಶ ಒಡೆದು ಡಿಎನ್‌ಎ ಹೊರಬಂದು ಅಂಟು ದಾರದ ಹಾಗೆ ಲೂಪಿನ ಹಿಂದೆ ಏಳುತ್ತದೆ. ಪಾಸಿಟಿವ್‌ನ ಗೋಡೆ ತಡೆದುಕೊಳ್ಳುತ್ತದೆ, ಹನಿ ನೀರಾಗಿಯೇ ಇರುತ್ತದೆ. ಡಿಎನ್‌ಎಯನ್ನು ಕಣ್ಣಾರೆ ಎಳೆದು ನೋಡಲು ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ. ಕ್ಷಾರ ಕೈಗೆ ತಾಗದಂತೆ ಗ್ಲೌಸ್ ಹಾಕಿಕೊಳ್ಳಿ.

ರೆಕಾರ್ಡ್‌ನಲ್ಲಿ "ಗ್ರಾಮ್ ಪಾಸಿಟಿವ್" ಅಂತ ಪುಸ್ತಕದ ಉತ್ತರ ಬರೆದು ನೇರಳೆ ಕಡ್ಡಿ ಮಾತ್ರ ಚಿತ್ರ ಬಿಡಿಸಬೇಡಿ. ಕಂಡದ್ದನ್ನೇ ಬರೆಯಿರಿ: ಕಡ್ಡಿಯಾಕಾರ, ನೇರಳೆ ಮತ್ತು ಗುಲಾಬಿ ಎರಡೂ, ಕೆಲವು ಕೋಶಗಳ ನಡುವೆ ಬಣ್ಣ ಹತ್ತದ ಮೊಟ್ಟೆಯಾಕಾರದ ಭಾಗ, ಬಹುಶಃ ಎಂಡೋಸ್ಪೋರ್, ಆಲ್ಕೋಹಾಲ್ ಇಷ್ಟು ಸೆಕೆಂಡು, ಕಲ್ಚರಿನ ವಯಸ್ಸು ಇಷ್ಟು ಗಂಟೆ. ಆ ಕೊನೆಯ ಅಂಕಿ ನಿಮ್ಮ ಪತ್ರದಲ್ಲಿ ಇಲ್ಲ. ಪ್ಲೇಟಿನ ತಳದಲ್ಲಿ ಯಾವ ತಾರೀಖು ಬರೆದಿತ್ತು ಅಂತ ಮೊದಲು ನೋಡಿ ಬನ್ನಿ.